ಅವಿಧೇಯತೆಯ ಬೆಲೆ

ಹಿರಿಯರ ಮಾತನ್ನು ಮೀರಿದ ಕಿರಿಯನನ್ನು ಕಂಡು ಲೋಕವು ಮೊದಲು ಸಿಡುಕುವುದು. ಕಾಲ ಕಳೆದ ಮೇಲೆ ನಗುವುದು. ಇನ್ನೂ ಕಾಲ ಕಳೆದರೆ ಕೆಲವೊಮ್ಮೆ ಕೈಮುಗಿಯುವುದು. ಕೃತ್ಯವು ಒಂದೇ ಇದ್ದು ನೋಡುವವರ ಭಾವ ಮಾತ್ರ ಹೀಗೆ ಬದಲಾಗುವುದಾದರೆ, ಅವಿಧೇಯತೆಯ ಒಳಿತು ಕೆಡುಕುಗಳನ್ನು ನಿರ್ಣಯಿಸುವುದು ಧರ್ಮವೋ, ಬರಿಯ ಕಾಲವೋ ಎಂಬ ಪ್ರಶ್ನೆಯು ವಿಚಾರವಂತರ ಮನಸ್ಸಿನಲ್ಲಿ ಏಳದೆ ಇರದು.

ನಗುವಿಗೆ ಉದಾಹರಣೆಯನ್ನು ದೂರ ಅರಸಬೇಕಾಗಿಲ್ಲ. ಆರ್. ಕೆ. ನಾರಾಯಣರು 1935ರಲ್ಲಿ ಪ್ರಕಟಿಸಿದ ಕಾದಂಬರಿಯ ಬಾಲಕ ಸ್ವಾಮಿನಾಥನು, ಶಂಕರನಾಗರು ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಮೂಲಕ 1980ರ ದಶಕದಲ್ಲಿ ದೂರದರ್ಶನವಿದ್ದ ಮನೆಮನೆಗೂ ಬಂದನು. ಕಾದಂಬರಿಯಲ್ಲಿ ಈ ಬಾಲಕನು 1930ರ ಚಳವಳಿಯ ದಿನ ಶಾಲೆಯ ಗಾಜನ್ನು ಒಡೆಯುವನು. ವಿದೇಶಿಯೆಂಬ ಮಾತು ಕೇಳಿದೊಡನೆ ತಲೆಯ ಟೋಪಿಯನ್ನು ಬೆಂಕಿಗೆಸೆಯುವನು. ಇನ್ನೊಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಕೈಯ ಬೆತ್ತವನ್ನೇ ಕಿತ್ತು ಕಿಟಕಿಯಾಚೆ ಬಿಸುಟು ಓಡುವನು. ಇಂಥ ಬಾಲಕನ ತುಂಟತನಕ್ಕೆ ಮಕ್ಕಳೊಡನೆ ಕುಳಿತ ತಂದೆಯೂ ನಗುವನು. ಆದರೆ ಮರುದಿನ ತನ್ನ ಮಗನೇ ಗುರುಗಳ ಬೆತ್ತವನ್ನು ಕಿತ್ತನೆಂದು ಕೇಳಿದರೆ ಆ ನಗು ಉಳಿದೀತೆ? ಅಮೆರಿಕೆಯವರೂ 1950ರ ದಶಕದ ತಮ್ಮ ಹುಡುಗರ ಜೀವನವನ್ನು ‘ಹ್ಯಾಪಿ ಡೇಸ್’ ಎಂಬ ನಗೆಯ ಧಾರಾವಾಹಿಯಲ್ಲಿ ಸವಿದದ್ದು 1974ರಿಂದ ಈಚೆಗೆ. ಆ ಹುಡುಗರ ವಯಸ್ಸಿನವರೆಲ್ಲ ಅಷ್ಟರಲ್ಲಿ ತಾವೇ ಗೃಹಸ್ಥರಾಗಿದ್ದರು. ಕಾಲವು ಹಲ್ಲು ಕಿತ್ತ ಹಾವನ್ನು ಆಡಿಸುವುದು ಯಾರಿಗೂ ಕಷ್ಟವಲ್ಲ.

ಇಂಥ ವಿನೋದದಲ್ಲಿ ಒಂದು ಮರೆವು ಅಡಗಿದೆ. ಸ್ವಾಮಿಯು ಕಾಡಿನಲ್ಲಿ ದಾರಿತಪ್ಪಿ ಮನೆಗೆ ಮರಳುವನು ನಿಜ. ಆದರೆ ಮಿತ್ರ ರಾಜಮನ ಸ್ನೇಹವನ್ನು ಕಳೆದುಕೊಳ್ಳುವನು. ನಕ್ಕವರು ಬೆತ್ತವನ್ನು ನೆನೆಯುವರೇ ಹೊರತು ಆ ನಷ್ಟವನ್ನು ನೆನೆಯುವುದಿಲ್ಲ. ಮಾತು ಮೀರಿದ್ದಕ್ಕೆ ಬೆಲೆ ಉಂಟು. ಅದನ್ನು ತೆತ್ತವರಾರು ಎಂದು ಕೇಳಿದಾಗಲೇ ಧರ್ಮವಿಚಾರವು ಮೊದಲಾಗುವುದು.

ಬಾಗಲಕೋಟೆಯ ನಾಡಿನಲ್ಲಿ ಈ ಪ್ರಶ್ನೆಗೆ ಎರಡು ಹಳೆಯ ಉತ್ತರಗಳಿವೆ. ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ, 578ರಲ್ಲಿ, ಬಾದಾಮಿಯ ಮೂರನೆಯ ಗುಹಾಲಯವನ್ನು ಮಾಡಿಸಿದ ಮಂಗಲೇಶನು ಮುಂದೆ ತಾನೇ ಅರಸನಾಗಿ, ರಾಜ್ಯವನ್ನು ಸ್ವಂತ ಮಗನಿಗೆ ಉಳಿಸಬಯಸಿದನು. ಅಣ್ಣನ ಮಗ ಪುಲಕೇಶಿಯು ತಿರುಗಿ ಬಿದ್ದನು. ಚಿಕ್ಕಪ್ಪನು ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಬರೆದಿರುವನು. ತರುಣನ ಹಕ್ಕು ನ್ಯಾಯವಾದದ್ದೇ ಇರಬಹುದು. ಆದರೆ ಬೆಲೆಯನ್ನು ತೆತ್ತವನು ಬೇರೊಬ್ಬ, ಪ್ರಶಸ್ತಿಯನ್ನು ಬರೆಯಿಸಿಕೊಂಡವನು ಗೆದ್ದವನು. ಗೆಲುವೊಂದರಿಂದಲೇ ಕೃತ್ಯವು ಶುದ್ಧವಾಯಿತೆಂದು ಹೇಳಲಾಗದು.

ಇನ್ನೊಂದು ಉತ್ತರವು ಕೂಡಲಸಂಗಮದಲ್ಲಿದೆ. ಬಾಗೇವಾಡಿಯ ಬಾಲಕ ಬಸವಣ್ಣನು ಉಪನಯನವನ್ನು ಒಲ್ಲೆನೆಂದು ತಂದೆಯ ಮನೆಯನ್ನು ತೊರೆದು, ಕೃಷ್ಣೆ ಮಲಪ್ರಭೆಗಳು ಕೂಡುವ ಈ ಸ್ಥಳಕ್ಕೆ ಬಂದನೆಂದು ಪರಂಪರೆಯು ಹೇಳುವುದು. ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರವು ತನಗೇಕೆ ಎಂದು ಅವನು ಕೇಳಿದನೆಂಬುದು ಜನರ ನೆನಪು. ಇಲ್ಲಿ ಮಾತು ಮೀರಿದವನು ಬಿಟ್ಟುಕೊಟ್ಟದ್ದು ತನಗೆ ಬರಬೇಕಾಗಿದ್ದ ಮೇಲ್ಮೆಯನ್ನು. ಮನೆಯ ಆಸರೆಯನ್ನು ಕಳೆದುಕೊಂಡವನೂ ತಾನೇ. ತಂದೆತಾಯಿಗಳ ಮನಸ್ಸು ನೋಯದೆ ಇರಲಿಲ್ಲವೆಂದಲ್ಲ. ಆದರೆ ಭಾರದ ದೊಡ್ಡ ಪಾಲನ್ನು ಅವನು ಪರರ ತಲೆಗೆ ಹೊರಿಸಲಿಲ್ಲ.

ಹಾಗಾದರೆ ವಿಧೇಯತೆಯೇ ನಿರಪಾಯವೆಂದು ಹಿರಿಯರು ಹೇಳಿಯಾರು. ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಂದೆಯ ಪಾತ್ರವನ್ನು ವಹಿಸಿದ ಗಿರೀಶ ಕಾರ್ನಾಡರೇ ತಾರುಣ್ಯದಲ್ಲಿ ರಚಿಸಿ 1961ರಲ್ಲಿ ಪ್ರಕಟಿಸಿದ ‘ಯಯಾತಿ’ ನಾಟಕವು ಈ ಮಾತಿಗೆ ಸಮಾಧಾನ ಹೇಳುವುದು. ಪುರುವು ತಂದೆಯ ಮುಪ್ಪನ್ನು ತಾನು ಹೊತ್ತು ಆದರ್ಶ ಪುತ್ರನೆನಿಸುವನು. ಆದರೆ ಹೊಸದಾಗಿ ಮನೆ ತುಂಬಿದ ಅವನ ಹೆಂಡತಿ ಚಿತ್ರಲೇಖೆಯು ಪ್ರಾಣವನ್ನೇ ನೀಗುವಳು. ವಿಧೇಯತೆಗೂ ಬೆಲೆ ಉಂಟು. ಅದನ್ನೂ ಒಮ್ಮೊಮ್ಮೆ ಕೇಳದೆ ಇದ್ದವರೇ ತೆರುವರು.

ಇಳಕಲ್ಲಿನ ನೇಕಾರನೊಬ್ಬನ ಮಗನು ಕುಣಿಮಗ್ಗಕ್ಕೆ ಇಳಿಯಲಾರೆನೆಂದು ಹೇಳುವನೆಂದು ಎಣಿಸೋಣ. ಅವನನ್ನು ಕುರಿತು ಕಾಲವು ಇನ್ನೂ ತೀರ್ಪು ಕೊಟ್ಟಿಲ್ಲ. ನಗುವುದಕ್ಕೂ ಕೈಮುಗಿಯುವುದಕ್ಕೂ ಅವಕಾಶವಿಲ್ಲ. ತಾನು ಬಿಟ್ಟುಹೋದರೆ ಕಂಡಿಕೆ ಸುತ್ತುವ ತಾಯಿಯ ಪಾಡೇನು, ಸಾಲ ತೀರಿಸುವವರಾರು ಎಂದು ಮಗನು ಕೇಳಿಕೊಳ್ಳಬೇಕು. ಒಲ್ಲದವನನ್ನು ಕೂಡ್ರಿಸಿದರೆ ಅವನ ಆಯುಷ್ಯವು ಯಾರ ಲೆಕ್ಕಕ್ಕೆ ಎಂದು ತಂದೆಯೂ ಕೇಳಿಕೊಳ್ಳಬೇಕು. ಇಬ್ಬರೂ ಕೇಳಿಕೊಂಡ ಮೇಲೂ ಅಗಲಿಕೆಯು ಅನಿವಾರ್ಯವಾದೀತು. ಆದರೆ ಅದು ಹಗೆಯಾಗದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರನು ಎಳೆಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸುವನು. ಆ ಕೆಲಸಕ್ಕೆ ಬೇಕಾದ ತಾಳ್ಮೆಯು ಅವನ ಮನೆಯಲ್ಲಿಯೂ ಇದ್ದರೆ, ಮಗನ ಮಾತನ್ನು ಅರಿಯಲು ಐವತ್ತು ವರ್ಷ ಕಾಯಬೇಕಾಗಿಲ್ಲ.