ಅಂಜಿಕೆಯ ಅಂಗಡಿಗೆ ಅಪ್ಪಣೆ

ನನ್ನ ತಂಗಿಯ ಮಗ ಷಿಕಾಗೊ ನಗರದಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಬೇಸಗೆಯಲ್ಲಿ ಊರಿಗೆ ಬಂದಿದ್ದಾಗ, ಒಂದು ಸಂಜೆ ಕಾಫಿಯ ಲೋಟ ಹಿಡಿದುಕೊಂಡು, "ಮಾವ, ನಾನು ಒಂದಿಷ್ಟು ಭಯ ಕೊಂಡಿಟ್ಟಿದ್ದೇನೆ" ಎಂದ. ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವನು. ಜನ ಚಿನ್ನ ಕೊಂಡದ್ದು, ಸೈಟು ಕೊಂಡದ್ದು, ಕೊಂಡು ಕೈ ಸುಟ್ಟುಕೊಂಡದ್ದು, ಎಲ್ಲವನ್ನೂ ನೋಡಿದ್ದೇನೆ. ದುಡ್ಡು ಕೊಟ್ಟು ಭಯವನ್ನು ಕೊಂಡವರನ್ನು ಮಾತ್ರ ನೋಡಿರಲಿಲ್ಲ. ನಮ್ಮ ಕಡೆ ಅದು ಬೇಡವೆಂದರೂ ಪುಕ್ಕಟೆಯಾಗಿ ಸಿಕ್ಕುವ ಪದಾರ್ಥ.

ಅವನು ವಿವರಿಸಿದ ಮೇಲೆ ವಿಷಯ ಅಷ್ಟೇನೂ ವಿಚಿತ್ರವಲ್ಲವೆಂದು ತೋರಿತು. ಅಮೆರಿಕದ ಷೇರುಪೇಟೆಯಲ್ಲಿ ವಿಕ್ಸ್ ಎಂಬ ಒಂದು ಸೂಚ್ಯಂಕವಿದೆ. ಷಿಕಾಗೊದ ಆಪ್ಷನ್ಸ್ ವಿನಿಮಯ ಕೇಂದ್ರ 1993ರಿಂದ ಅದನ್ನು ಪ್ರಕಟಿಸುತ್ತ ಬಂದಿದೆ. ಷೇರುಗಳ ಬೆಲೆ ಎಷ್ಟೆಂದು ಅದು ಹೇಳುವುದಿಲ್ಲ. ಮುಂದಿನ 30 ದಿನಗಳಲ್ಲಿ ಬೆಲೆ ಎಷ್ಟು ಹೊಯ್ದಾಡೀತೆಂದು ಪೇಟೆ ಎಣಿಸುತ್ತಿದೆಯೋ ಅದನ್ನು ಹೇಳುತ್ತದೆ. ಪೇಟೆ ನೆಮ್ಮದಿಯಾಗಿದ್ದರೆ ಅಂಕಿ ಇಳಿದಿರುತ್ತದೆ. ಜನ ಗಾಬರಿಗೊಂಡರೆ ಜಿಗಿಯುತ್ತದೆ. ಅದಕ್ಕೇ ಇದನ್ನು ಅಂಜಿಕೆಯ ಅಳತೆಗೋಲು ಎನ್ನುತ್ತಾರೆ. ನಮ್ಮ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವೂ 2008ರಿಂದ ಇಂಥದೊಂದು ಅಳತೆಗೋಲನ್ನು ಇಟ್ಟುಕೊಂಡಿದೆ.

ಅಳತೆಗೋಲನ್ನೇ ಕೊಳ್ಳಲು ಬರುವುದಿಲ್ಲ. ಆದರೆ ಇಂಥ ತಿಂಗಳು ಇಂಥ ದಿನ ಆ ಅಂಕಿ ಎಲ್ಲಿರುತ್ತದೆಂಬುದರ ಮೇಲೆ ವಾಯಿದೆ ಕರಾರು ಮಾಡಿಕೊಳ್ಳಬಹುದು. ಫ್ಯೂಚರ್ಸ್ ಎಂದು ಕರೆಯುವ ಈ ಕರಾರುಗಳ ವ್ಯಾಪಾರ ವಿಕ್ಸ್ ಮೇಲೆ 2004ರಲ್ಲಿ ಆರಂಭವಾಯಿತು. ಆ ಕರಾರುಗಳನ್ನು ಒಂದು ನಿಧಿಯಲ್ಲಿ ತುಂಬಿ, ನಿಧಿಯನ್ನು ಸಣ್ಣ ಸಣ್ಣ ಪಾಲು ಮಾಡಿ, ಸಾಮಾನ್ಯ ಷೇರಿನ ಹಾಗೆ ಯಾರು ಬೇಕಾದರೂ ಕೊಳ್ಳುವಂತೆ ಪೇಟೆಯಲ್ಲಿಟ್ಟರೆ ಅದು ಇ.ಟಿ.ಎಫ್. ಕರಾರು ಒಂದು ದಿನದಲ್ಲಿ ನೂರಕ್ಕೆ ಹತ್ತು ಏರಿದರೆ ನಿಧಿ ನೂರಕ್ಕೆ ಇಪ್ಪತ್ತು ಏರುವಂತೆ ಏರ್ಪಡಿಸಿದರೆ ಅದು ದುಪ್ಪಟ್ಟಿನ ನಿಧಿ. ನನ್ನ ಸೋದರಳಿಯ ಕೊಂಡದ್ದು ಅಂಥದೊಂದನ್ನು. ಯಾವ ಸಂಸ್ಥೆಯದು ಎಂಬುದು ಇಲ್ಲಿ ಮುಖ್ಯವಲ್ಲ. ಉಳಿದ ಷೇರುಗಳೆಲ್ಲ ಬಿದ್ದ ದಿನ ಇದೊಂದು ಏರಿ ತನ್ನ ಕೈ ಹಿಡಿಯುತ್ತದೆ. ಮನೆಗೆ ಬೆಂಕಿಯ ವಿಮೆ ಮಾಡಿಸಿದ ಹಾಗೆ, ಎಂಬುದು ಅವನ ವಾದ.

ವಿಮೆ ಎಂದಮೇಲೆ ಕಂತು ಇರಬೇಕಲ್ಲ! ಹಳೆಯ ಅಭ್ಯಾಸ, ಕಾಗದ ಪೆನ್ಸಿಲು ತೆಗೆದುಕೊಂಡೆ. ಕರಾರಿನ ಬೆಲೆ 100 ಇದ್ದದ್ದು ಮೊದಲ ದಿನ 80ಕ್ಕೆ ಇಳಿಯಿತೆನ್ನಿ. ಮಾರನೆಯ ದಿನ ಮತ್ತೆ 100ಕ್ಕೆ ಏರಿತು. ಕರಾರು ಹೊರಟಲ್ಲಿಗೇ ಬಂದು ನಿಂತಿತು. ನಿಧಿಯ ಗತಿ? ಮೊದಲ ದಿನ ನೂರಕ್ಕೆ 20ರ ದುಪ್ಪಟ್ಟು, ಅಂದರೆ 40 ಹೋಗಿ 60 ಉಳಿಯಿತು. ಎರಡನೆಯ ದಿನ 80 ಎಂಬುದು 100 ಆಗಲು ನೂರಕ್ಕೆ 25 ಏರಬೇಕು. ಅದರ ದುಪ್ಪಟ್ಟು 50. ಅರವತ್ತಕ್ಕೆ ಅದರ ಅರ್ಧ ಕೂಡಿಸಿದರೆ 90. ಯಾರೂ ಕದಿಯಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಹತ್ತು ರೂಪಾಯಿ ಮಾತ್ರ ಕಾಣೆಯಾಯಿತು. ಇದರ ಮೇಲೆ ಇನ್ನೊಂದು ಸೋರಿಕೆ ಇದೆ. ಪೇಟೆ ಶಾಂತವಾಗಿರುವ ದಿನಗಳಲ್ಲಿ ಮುಂದಿನ ತಿಂಗಳ ಕರಾರು ಸಾಮಾನ್ಯವಾಗಿ ಈ ತಿಂಗಳದ್ದಕ್ಕಿಂತ ದುಬಾರಿ. ಅಗ್ಗವಾದದ್ದನ್ನು ಮಾರುತ್ತ ದುಬಾರಿಯದನ್ನು ಕೊಳ್ಳುತ್ತ ನಿಧಿ ದಿನ ದೂಡಬೇಕು. ಒಂದು ದಿನ ಇಟ್ಟುಕೊಂಡವನಿಗೆ ಇದು ಲೆಕ್ಕಕ್ಕೆ ಬಾರದು. ವರ್ಷ ಇಟ್ಟುಕೊಂಡವನ ಕೈಯಲ್ಲಿ ಕರ್ಪೂರ ಉಳಿದಷ್ಟೆ ಉಳಿಯುತ್ತದೆ.

ಇದನ್ನು ಮಾರುವವರು ಮುಚ್ಚಿಟ್ಟಿಲ್ಲ ಎಂಬುದು ನನ್ನನ್ನು ಬೆರಗುಗೊಳಿಸಿದ ಸಂಗತಿ. ಕ್ರೆಡಿಟ್ ಸ್ವಿಸ್ ಎಂಬ ಬ್ಯಾಂಕು ಹೊರಡಿಸಿದ್ದ ಇದೇ ಜಾತಿಯ ದುಪ್ಪಟ್ಟಿನ ಪತ್ರವೊಂದು 2020ರವರೆಗೂ ಅಮೆರಿಕದ ಪೇಟೆಯಲ್ಲಿತ್ತು. ದೀರ್ಘ ಕಾಲದಲ್ಲಿ ಈ ಪತ್ರದಿಂದ ನಿರೀಕ್ಷಿಸಬಹುದಾದ ಬೆಲೆ ಸೊನ್ನೆ ಎಂದು ಅದರ ವಿವರಣಾ ಪತ್ರದಲ್ಲಿಯೇ ಅಚ್ಚು ಮಾಡಿದ್ದರು. ತನ್ನ ಸರಕು ಕೊನೆಗೆ ಸೊನ್ನೆಯಾಗುತ್ತದೆಂದು ಬರೆದುಕೊಟ್ಟು ಮಾರುವ ಅಂಗಡಿಯವನನ್ನು ಸುಳ್ಳುಗಾರನೆನ್ನಲು ಬಾಯಿ ಬರುವುದಿಲ್ಲ. ಆದರೂ ಜನ ಕೊಂಡರು.

ಇಂಥ ಸರಕನ್ನು ಪೇಟೆಯಲ್ಲಿಡಲು ಯಾರು ಅಪ್ಪಣೆ ಕೊಡುತ್ತಾರೆ? ಅಮೆರಿಕದಲ್ಲಿ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ ಎಂಬ ಆಯೋಗವಿದೆ. 1934ರ ಕಾನೂನಿನ ಪ್ರಕಾರ, ಈಗಿನ ನಿಯಮಗಳಲ್ಲಿ ಅಡಕವಾಗದ ಹೊಸ ಬಗೆಯ ನಿಧಿಯನ್ನು ಪಟ್ಟಿಗೆ ಸೇರಿಸಿಕೊಳ್ಳಬೇಕೆನ್ನುವ ವಿನಿಮಯ ಕೇಂದ್ರ ಅರ್ಜಿ ಹಾಕಬೇಕು. ಅರ್ಜಿ ಸರ್ಕಾರದ ಗೆಜೆಟ್ಟಿನಲ್ಲಿ ಪ್ರಕಟವಾಗುತ್ತದೆ. ಬೇಕಾದವರು ಅಭಿಪ್ರಾಯ ಬರೆದು ಕಳಿಸಬಹುದು. ಪ್ರಕಟವಾದ ಮೇಲೆ ಹೆಚ್ಚೆಂದರೆ 240 ದಿನಗಳಲ್ಲಿ ಆಯೋಗ ಹೌದು ಅಥವಾ ಅಲ್ಲ ಎನ್ನಬೇಕು. ವಸ್ತು ಒಳ್ಳೆಯದೆ ಕೆಟ್ಟದ್ದೆ ಎಂದು ಕಾನೂನು ಕೇಳುವುದಿಲ್ಲ. ವಂಚನೆಗೂ ಕೈಚಳಕಕ್ಕೂ ತಡೆಯಿದೆಯೆ, ಹಣ ಹೂಡುವವರಿಗೆ ರಕ್ಷಣೆಯಿದೆಯೆ, ಸಾರ್ವಜನಿಕರ ಹಿತಕ್ಕೆ ಹೊಂದುತ್ತದೆಯೆ, ಇಷ್ಟು ಕೇಳುತ್ತದೆ. ವಿಕ್ಸ್ ಕರಾರುಗಳ ದುಪ್ಪಟ್ಟಿನ ನಿಧಿಯೊಂದಕ್ಕಾಗಿ ಸಿಬೋ ಸಮೂಹದ ವಿನಿಮಯ ಕೇಂದ್ರ 2020ರಲ್ಲಿ ಹಾಕಿದ ಅರ್ಜಿಗೆ 2021ರ ಅಕ್ಟೋಬರ್ ಆರಂಭದಲ್ಲಿ ಒಪ್ಪಿಗೆ ಸಿಕ್ಕಿತು. 2022ರ ಮಾರ್ಚ್ ಕೊನೆಯಲ್ಲಿ ನಿಧಿ ಪೇಟೆಗೆ ಬಂತು.

ಒಪ್ಪಿಗೆಯ ಪರವಾದ ಮಾತು ಸಾಮಾನ್ಯವಾದುದಲ್ಲ. ವಯಸ್ಸಿಗೆ ಬಂದವನು ತಿಳಿದು ತಿಳಿದು ತನ್ನ ಹಣವನ್ನು ಅಪಾಯಕ್ಕೆ ಒಡ್ಡಿದರೆ ತಡೆಯಲು ಸರ್ಕಾರ ಯಾರು? ಒಂದು ದಿನದ ಮಟ್ಟಿಗೆ ಇಂಥ ನಿಧಿಯಿಂದ ನಿಜವಾದ ಪ್ರಯೋಜನ ಪಡೆಯಬಲ್ಲ ವರ್ತಕರಿದ್ದಾರೆ. ತಿಳಿಯದೆ ಕೊಳ್ಳುವ ನಾಲ್ವರಿಗಾಗಿ ತಿಳಿದು ಕೊಳ್ಳುವವನ ಕೈ ಕಟ್ಟುವುದು ನ್ಯಾಯವೆ? ಪ್ರಜೆಗಳನ್ನು ಮಕ್ಕಳೆಂದು ತಿಳಿದ ಸರ್ಕಾರ ಕೊನೆಗೆ ಅವರನ್ನು ಮಕ್ಕಳನ್ನಾಗಿಯೇ ಮಾಡುತ್ತದೆ. ಅಪಾಯವನ್ನು ದೊಡ್ಡ ಅಕ್ಷರದಲ್ಲಿ ಬರೆಯಿಸಿ, ಉಳಿದದ್ದನ್ನು ಅವನ ವಿವೇಕಕ್ಕೆ ಬಿಡುವುದು ಮರ್ಯಾದೆಯ ಮಾರ್ಗ. ಈ ವಾದವನ್ನು ನಾನು ಬಹುಕಾಲ ನಂಬಿದ್ದೆ; ಇಂದಿಗೂ ಪೂರ್ತಿ ಕೈಬಿಟ್ಟಿಲ್ಲ. ಆದರೆ ಅದು ನನಗೆ ಮೊದಲಿನಷ್ಟು ಹಿತವಾಗಿ ಕೇಳುತ್ತಿಲ್ಲ. ಅದಕ್ಕೆ ಕಾರಣವಾದ ಸಂಗತಿಯನ್ನು ಹೇಳಿಬಿಡುತ್ತೇನೆ.

ನಾನು ನಿವೃತ್ತನಾಗಲು ಎರಡು ವರ್ಷವಿದ್ದಾಗ, ನಮ್ಮ ಶಾಖೆಗೆ ವಯಸ್ಸಾದ ಮೇಷ್ಟರೊಬ್ಬರು ಬರುತ್ತಿದ್ದರು. ಪಿಂಚಣಿ ಸಣ್ಣದು. ನಿವೃತ್ತಿಯ ಕಾಲಕ್ಕೆ ಬಂದ ಗಂಟು ನಮ್ಮಲ್ಲಿ ಎಫ್.ಡಿ. ಆಗಿತ್ತು. ಒಂದು ದಿನ ಅದನ್ನು ಅವಧಿಗೆ ಮುಂಚೆಯೇ ಮುರಿಸಲು ಬಂದರು. ಮಗ ಆಪ್ಷನ್ಸ್ ವ್ಯಾಪಾರಕ್ಕೆ ಕೇಳುತ್ತಿದ್ದಾನೆ ಎಂದರು. ನಾನು ಕುಳ್ಳಿರಿಸಿಕೊಂಡು ಹೇಳಿದೆ. ಬಡ್ಡಿ ಕಡಿಮೆಯಾಗುತ್ತದೆ, ದಂಡ ಬೀಳುತ್ತದೆ, ಆ ವ್ಯಾಪಾರದಲ್ಲಿ ಅಸಲೂ ಹೋಗಬಹುದು ಎಂದೆ. ಮೇಷ್ಟರು ತಲೆಯಾಡಿಸಿ, "ತಿಳೀತು ಸಾರ್, ಎಲ್ಲಿ ಸಹಿ ಮಾಡಲಿ?" ಎಂದರು. ಜಾಗ ತೋರಿಸಿದೆ. ಅವರು ಮುದ್ದಾದ ಅಕ್ಷರದಲ್ಲಿ ಸಹಿ ಮಾಡಿದಾಗ ನನ್ನ ಮನಸ್ಸು ಹಗುರವಾಯಿತು. ಆ ಹಗುರ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಒಂದೂವರೆ ವರ್ಷದ ಮೇಲೆ ಮತ್ತೆ ಬಂದರು. ಹಣ ಹೋಗಿತ್ತು. "ನೀವು ಅವತ್ತೇ ಹೇಳಿದ್ರಿ ಸಾರ್, ತಪ್ಪು ನಮ್ಮದೇ" ಎಂದರು. ಬೈದಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿದ್ದೆ.

ನಾನು ಎಚ್ಚರಿಸಿದ್ದು ಸುಳ್ಳಲ್ಲ. ಆದರೆ ಆ ಎಚ್ಚರಿಕೆ ಕಾಪಾಡಿದ್ದು ಯಾರನ್ನು? ನನ್ನನ್ನು. ಅಪಾಯ ಅವರ ಹತ್ತಿರವೇ ಉಳಿಯಿತು; ಹೊಣೆ ಮಾತ್ರ ನನ್ನ ಮೇಜಿನಿಂದ ಅವರ ಕೈಚೀಲಕ್ಕೆ ಹೋಯಿತು. ನಮ್ಮ ದೇಶದಲ್ಲಿ 2023ರ ಜುಲೈಯಿಂದ, ಷೇರುಗಳ ವಾಯಿದೆ ವ್ಯಾಪಾರಕ್ಕೆ ಇಳಿಯುವವರಿಗೆ, ಹತ್ತು ಜನರಲ್ಲಿ ಒಂಬತ್ತು ಜನ ಕಳೆದುಕೊಂಡಿದ್ದಾರೆ ಎಂಬ ಮಾತನ್ನು ದಲ್ಲಾಳಿಗಳು ತೋರಿಸಲೇಬೇಕೆಂದು ಸೆಬಿ ವಿಧಿಸಿದೆ. ಓದಿದವರು ಅದನ್ನು ಒತ್ತಿ ಸರಿಸಿ ಮುಂದೆ ಹೋಗುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಅದೇ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದೇ ವರ್ಷದ ಮಾರ್ಚಿಗೆ ಮುಗಿದ ಮೂರು ವರ್ಷಗಳಲ್ಲಿ ಆ ವ್ಯಾಪಾರ ಮಾಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲು. ಒಂಬತ್ತು ಜನರ ಲೆಕ್ಕ ಓದಿದವನು ತಾನು ಹತ್ತನೆಯವನೆಂದೇ ತಿಳಿಯುತ್ತಾನೆ. ಮನುಷ್ಯನ ಮನಸ್ಸು ಇರುವುದೇ ಹಾಗೆ. ಅದು ಹಾಗಿದೆಯೆಂದು ಬಲ್ಲವನು ಬರಿಯ ಚೀಟಿ ಅಂಟಿಸಿ ಕೈ ತೊಳೆದುಕೊಳ್ಳಬಹುದೆ?

ತನ್ನ ಹಣ, ತನ್ನ ಇಷ್ಟ ಎಂಬ ವಾದಕ್ಕೆ ಇನ್ನೊಂದು ತೊಡಕಿದೆ. ಇಲ್ಲಿ ಅಪಾಯಕ್ಕೆ ಒಪ್ಪಿದವನು ಒಬ್ಬ. ಪೆಟ್ಟು ತಿನ್ನುವವನು ಅವನೊಬ್ಬನೇ ಅಲ್ಲ. ನೂರು ರೂಪಾಯಿಯ ದುಪ್ಪಟ್ಟಿನ ನಿಧಿ 200 ರೂಪಾಯಿಯ ಕರಾರು ಹಿಡಿದಿರುತ್ತದೆ. ಬೆಲೆ ನೂರಕ್ಕೆ ಹತ್ತು ಏರಿತೆನ್ನಿ. ಕರಾರು 220 ಆಯಿತು, ನಿಧಿ 120 ಆಯಿತು. ಮಾರನೆಯ ದಿನಕ್ಕೂ ದುಪ್ಪಟ್ಟಾಗಬೇಕಾದರೆ 240 ಬೇಕು. ಸಂಜೆಯೊಳಗೆ ಇನ್ನೂ 20 ರೂಪಾಯಿಯಷ್ಟು ಕೊಳ್ಳಲೇಬೇಕು. ಇದಕ್ಕೆ ತದ್ವಿರುದ್ಧವಾಗಿ, ಭಯ ಇಳಿಯುತ್ತದೆಂದು ಪಣ ಕಟ್ಟುವ ನಿಧಿಗಳೂ ಇವೆ. ಅಂಥ ನಿಧಿ ನೂರು ರೂಪಾಯಿಗೆ ನೂರರ ಕರಾರನ್ನು ಮುಂದಾಗಿ ಮಾರಿರುತ್ತದೆ. ಬೆಲೆ ಹತ್ತು ಏರಿದಾಗ ನಿಧಿ 90ಕ್ಕೆ ಇಳಿಯುತ್ತದೆ, ಮಾರಿದ ಬಾಕಿ 110ಕ್ಕೆ ಏರುತ್ತದೆ. ಸರಿದೂಗಿಸಲು ಅದೂ 20 ರೂಪಾಯಿಯಷ್ಟೇ ಕೊಳ್ಳಬೇಕು. ಭಯದ ಮೇಲೆ ಪಣ ಕಟ್ಟಿದವನೂ ಶಾಂತಿಯ ಮೇಲೆ ಪಣ ಕಟ್ಟಿದವನೂ ಒಂದೇ ಗಳಿಗೆಯಲ್ಲಿ ಒಂದೇ ಬಾಗಿಲಿಗೆ ನುಗ್ಗುತ್ತಾರೆ. ನುಗ್ಗಿದಷ್ಟೂ ಬೆಲೆ ಏರುತ್ತದೆ. ಏರಿದಷ್ಟೂ ಮತ್ತೆ ನುಗ್ಗಬೇಕು.

ಇದು ಬರಿಯ ಊಹೆಯಲ್ಲ. 2018ರ ಫೆಬ್ರವರಿ 5ರಂದು ವಿಕ್ಸ್ ಅಂಕಿ ಒಂದೇ ದಿನದಲ್ಲಿ 17.31ರಿಂದ 37.32ಕ್ಕೆ ಹಾರಿತು. ಶಾಂತಿಯ ಮೇಲೆ ಪಣ ಕಟ್ಟಿದ್ದ, ಸುಮಾರು 190 ಕೋಟಿ ಡಾಲರುಗಳ ಒಂದು ಪತ್ರ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಳೆದುಕೊಂಡು ಅದೇ ತಿಂಗಳು ಮುಚ್ಚಿಹೋಯಿತು. ಆ ಸಂಜೆ ಈ ಬಗೆಯ ನಿಧಿಗಳ ಕೊಳ್ಳುವಿಕೆಯೇ ಬೆಂಕಿಗೆ ತುಪ್ಪ ಸುರಿಯಿತೆಂದು ಬಲ್ಲವರು ಹೇಳುತ್ತಾರೆ. ಹೊಸ ನಿಧಿಯ ಅರ್ಜಿಯಲ್ಲಿ, ದಿನದ ಕೊನೆಯ ಸರಿದೂಗಿಸುವ ವ್ಯವಹಾರವನ್ನು ಒಂದೇ ಕ್ಷಣಕ್ಕೆ ತುರುಕದೆ ಹದಿನೈದು ನಿಮಿಷಗಳ ಮೇಲೆ ಹರಡುವ ಏರ್ಪಾಡು ಸೇರಿದ್ದು ಈ ನೆನಪಿನಿಂದಲೇ ಇರಬೇಕು. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಹಿ ಹಾಕದ ನೆರೆಯವನ ಮನೆಯನ್ನೂ ನೆನೆದ ಪರಿಶೀಲನೆ ಅದು.

ಒಪ್ಪಿಗೆ ಹೊರಬಿದ್ದ ಅದೇ ದಿನಗಳಲ್ಲಿ ಆಯೋಗದ ಅಧ್ಯಕ್ಷ ಗ್ಯಾರಿ ಗೆನ್ಸ್‌ಲರ್ ಒಂದು ಹೇಳಿಕೆ ಕೊಟ್ಟರು. ಇಂಥ ತೊಡಕಿನ ನಿಧಿಗಳು ಪಳಗಿದವರಿಗೂ ಅಪಾಯ ತರಬಹುದು, ಪೇಟೆ ತತ್ತರಿಸುವಾಗ ಇಡೀ ವ್ಯವಸ್ಥೆಗೂ ತೊಂದರೆ ತಂದಾವು, ಹೊಸ ನಿಯಮ ಬೇಕೆ ಎಂದು ಪರಿಶೀಲಿಸಬೇಕು ಎಂಬುದು ಅದರ ಸಾರ. ಒಂದೇ ಕಚೇರಿ, ಒಂದು ಕೈಯಲ್ಲಿ ಅಪ್ಪಣೆ, ಇನ್ನೊಂದು ಕೈಯಲ್ಲಿ ಎಚ್ಚರಿಕೆ! ಮೊದಲು ಓದಿದಾಗ ನನಗೆ ನಗು ಬಂತು. ಆಮೇಲೆ ನನ್ನ ಹಳೆಯ ಮೇಜು ನೆನಪಾಯಿತು, ನಗು ನಿಂತಿತು. ಕಾನೂನು ಕೇಳಿದ ಪ್ರಶ್ನೆಗಳಿಗೆ ಉತ್ತರ ಸರಿಯಾಗಿದ್ದರೆ ಅಧಿಕಾರಿ ಒಪ್ಪಬೇಕು. ಅವನ ಅಂತರಂಗ ಒಪ್ಪಿತೆ ಎಂಬುದು ಕಡತಕ್ಕೆ ಸಂಬಂಧಿಸಿದ ಪ್ರಶ್ನೆಯಲ್ಲ.

ಹಾಗಾದರೆ ನಿಷೇಧಿಸಬೇಕೆ? ನಾನು ಹಾಗೆನ್ನುವುದಿಲ್ಲ. ವಿಷವನ್ನು ಔಷಧದ ಅಂಗಡಿಯಲ್ಲಿ ಇಡುವುದು ತಪ್ಪಲ್ಲ. ಅಕ್ಕಿ ಬೇಳೆಯ ಪಕ್ಕದಲ್ಲಿ ಇಡುವುದು ತಪ್ಪು. ಅಮೆರಿಕದಲ್ಲಿ ಒಬ್ಬನು ನೇರವಾಗಿ ಆಪ್ಷನ್ಸ್ ವ್ಯಾಪಾರ ಮಾಡಬೇಕಾದರೆ, ದಲ್ಲಾಳಿ ಅವನ ಅನುಭವವೇನು, ಆಸ್ತಿಪಾಸ್ತಿಯೇನು, ಉದ್ದೇಶವೇನು ಎಂದು ಕೇಳಿ ಖಾತೆಗೆ ಒಪ್ಪಿಗೆ ಕೊಡಬೇಕು. ಅಷ್ಟೇ ಅಪಾಯದ ವಸ್ತುವನ್ನು ಇ.ಟಿ.ಎಫ್. ಎಂಬ ಪೊಟ್ಟಣದಲ್ಲಿ ಕಟ್ಟಿದರೆ ಆ ಹೊಸಿಲು ಕಾಣುವುದಿಲ್ಲ. ಎಚ್ಚರಿಕೆಗೂ ಪ್ರಶ್ನೆಗೂ ಇರುವ ವ್ಯತ್ಯಾಸ ಇದೇ. ಎಚ್ಚರಿಕೆ ಹೇಳಿದವನು ಮುಂದಿನ ಕೆಲಸಕ್ಕೆ ಹೋಗಬಹುದು. ಪ್ರಶ್ನೆ ಕೇಳಿದವನು ಉತ್ತರಕ್ಕೆ ಕಾಯಬೇಕಾಗುತ್ತದೆ, ಕಾಯುವಷ್ಟು ಹೊತ್ತು ಅವನೂ ಆ ಹೊಣೆಯಲ್ಲಿ ಪಾಲುಗಾರ. ಅಂದು ನಾನು ಮೇಷ್ಟರಿಗೆ ಮೂರು ಎಚ್ಚರಿಕೆ ಹೇಳುವ ಬದಲು, "ಈ ಹಣ ಹೋದರೆ ಮನೆಯವರ ಔಷಧಕ್ಕೆ ಏನು ಮಾಡುತ್ತೀರಿ?" ಎಂದು ಒಂದೇ ಒಂದು ಮಾತು ಕೇಳಬಹುದಾಗಿತ್ತು. ಆಗಲೂ ಅವರು ಸಹಿ ಮಾಡುತ್ತಿದ್ದರೋ ಏನೋ. ಕೇಳಲಿಲ್ಲ ಎಂಬುದು ನನ್ನ ಲೆಕ್ಕದಲ್ಲಿ ಉಳಿದ ಬಾಕಿ.

ಸೋದರಳಿಯ ಹೊರಡುವ ಹಿಂದಿನ ದಿನ ಕೇಳಿದೆ: "ಆ ಭಯವನ್ನು ಕೊಂಡು ಎಷ್ಟು ದಿನವಾಯಿತಪ್ಪ?"

"ಎಂಟು ತಿಂಗಳು ಮಾವ."

"ವಿವರಣಾ ಪತ್ರ ಓದಿದ್ದೆಯೊ?"

"ಓದಿದ್ದೆ. ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಅಂತ ಬರೆದಿತ್ತು."

"ಮತ್ತೆ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಇದನ್ನು ಯಾರೂ ತನ್ನನ್ನು ಹೀಗೆ ಕೇಳಿರಲಿಲ್ಲ ಎಂದ.