ಲಯವೂ ಒಂದು ಮಿತಿಗೆ ಒಳಪಟ್ಟದ್ದು

2024ರ ಆಗಸ್ಟ್ 31ರಂದು ತೆಲಂಗಾಣದ ಮುಲುಗು ಜಿಲ್ಲೆಯ ತಾಡ್ವಾಯಿ ಕಾಡಿನಲ್ಲಿ ಎದ್ದ ಬಿರುಗಾಳಿ ನೋಡನೋಡುತ್ತಿದ್ದಂತೆ ಸುಮಾರು 50 ಸಾವಿರ ಮರಗಳನ್ನು ಕೆಡವಿತು. ಏಳು ತಿಂಗಳ ನಂತರ, 2025ರ ಮಾರ್ಚ್ ಕೊನೆಗೆ, ಹೈದರಾಬಾದ್ ವಿಶ್ವವಿದ್ಯಾಲಯದ ಮಗ್ಗುಲಿನ ಕಂಚ ಗಚ್ಚಿಬೌಲಿಯ 400 ಎಕರೆ ಕುರುಚಲು ಕಾಡಿಗೆ ಬುಲ್ಡೋಜರುಗಳು ನುಗ್ಗಿದವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಸುಮಾರು 100 ಎಕರೆ ಬೋಳಾಗಿತ್ತು. ಎರಡು ಕಡೆಯೂ ಉರುಳಿದ್ದು ಮರಗಳೇ. ಸೃಷ್ಟಿ, ಸ್ಥಿತಿ, ಲಯ ಮೂರೂ ಒಂದೇ ಶಕ್ತಿಯ ಕೆಲಸವೆಂದು ನಂಬುವ ನಾವು ಗಾಳಿಯ ನಾಶವನ್ನು ಒಪ್ಪಿ, ಯಂತ್ರದ ನಾಶವನ್ನು ಅಧರ್ಮ ಎನ್ನಲು ಆಧಾರವೇನಾದರೂ ಇದೆಯೇ? ಇದೆ ಎಂಬುದು ನನ್ನ ವಾದ. ಕೆಡವಿದ ಮೇಲೆ ನೆಲದಲ್ಲಿ ಏನು ಉಳಿಯಿತು ಎಂದು ನೋಡಿದರೆ ಆ ಆಧಾರ ಕಾಣುತ್ತದೆ.

ಗಾಳಿಗೆ ಬುಡಮೇಲಾದ ಮರ ಬೇರಿನ ಜೊತೆ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಅಲ್ಲೊಂದು ಗುಂಡಿ ಬಿದ್ದು, ಪಕ್ಕಕ್ಕೊಂದು ದಿಬ್ಬ ಏಳುತ್ತದೆ. ಗುಂಡಿಯಲ್ಲಿ ನೀರು, ತರಗೆಲೆ ಸೇರುತ್ತವೆ. ದಿಬ್ಬದ ಹೊಸ ಮಣ್ಣಿನಲ್ಲಿ ಸಣ್ಣ ಬೀಜಗಳು ಮೊಳೆಯುತ್ತವೆ. ನೆರಳಿನಲ್ಲಿ ವರ್ಷಗಟ್ಟಲೆ ಮೊಣಕಾಲೆತ್ತರಕ್ಕೇ ನಿಂತಿದ್ದ ಸಸಿಗಳಿಗೆ ಬಿಸಿಲು ಸಿಗುತ್ತದೆ. ಮುರಿದ ತೇಗದ ಬುಡ ಮತ್ತೆ ಚಿಗುರುತ್ತದೆ, ಬಿದ್ದ ಕಾಂಡ ಗೆದ್ದಲಿಗೂ ಅಣಬೆಗೂ ಆಹಾರವಾಗಿ ಮಣ್ಣಿಗೆ ಮರಳುತ್ತದೆ. 1998ರ ಜನವರಿಯಲ್ಲಿ ಪೂರ್ವ ಕೆನಡಾದಲ್ಲಿ ಹಿಮಲೇಪದ ಭಾರಕ್ಕೆ ಕೊಂಬೆಗಳು ಮುರಿದುಬಿದ್ದ ಕಾಡುಗಳಲ್ಲೂ ಉಳಿದ ಕಾಂಡಗಳಿಂದ ಚಿಗುರು ಒಡೆಯಿತು. ಇಂಗ್ಲೆಂಡಿನಲ್ಲಿ 1987ರ ಅಕ್ಟೋಬರಿನ ಬಿರುಗಾಳಿ ಸುಮಾರು ಒಂದೂವರೆ ಕೋಟಿ ಮರಗಳನ್ನು ಉರುಳಿಸಿತು. ಅಲ್ಲಿ ಭಾರೀ ಯಂತ್ರ ತಂದು ತೆರವು ಮಾಡಿದ ಕಡೆ ಮಣ್ಣೂ ಸಸಿಗಳೂ ಹಾಳಾದವು. ಕೈ ಹಾಕದೆ ಬಿಟ್ಟ ಎಷ್ಟೋ ಕಡೆ ಕಾಡು ತಾನಾಗಿ ಎದ್ದಿತು. ಗಾಳಿ ಮರವನ್ನು ಕೆಡವಿದರೂ ಮಣ್ಣು, ಬೀಜ, ಬೇರುಗಳನ್ನು ಬಿಟ್ಟುಹೋಗುತ್ತದೆ. ನೆಲ ಸಮತಟ್ಟು ಮಾಡಿ ಕಾಂಕ್ರೀಟು ಸುರಿಯಲು ಹೊರಟ ಯಂತ್ರ ಈ ಮೂರನ್ನೂ ಉಳಿಸುವುದಿಲ್ಲ. ಮರುಹುಟ್ಟಿಗೆ ಎಡೆಯಿಲ್ಲದ ನಾಶವನ್ನು ಲಯವೆಂದು ಕರೆಯಲು ನಮ್ಮ ಯಾವ ದರ್ಶನವೂ ಅನುಮತಿ ಕೊಟ್ಟಿಲ್ಲ.

ಮನುಷ್ಯನೂ ಪ್ರಕೃತಿಯ ಭಾಗವಲ್ಲವೇ, ಅವನ ಕೈ ಮಾತ್ರ ಪಾಪದ್ದೇ ಎಂಬ ಆಕ್ಷೇಪ ಬರಬಹುದು. ಅವನ ಕೈ ಖಂಡಿತ ಪಾಪದ್ದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ ತರಗುಬೆಂಕಿ ಇಡುತ್ತಿದ್ದರು. ಒಣ ಎಲೆ, ಹುಲ್ಲು ಸುಟ್ಟು ದೊಡ್ಡ ಮರಗಳು ಉಳಿಯುತ್ತಿದ್ದವು. ಆ ಪದ್ಧತಿ ನಿಂತ ಮೇಲೆಯೇ ಲಂಟಾನ ಎಂಬ ಕಳೆ ಕಾಡನ್ನು ನುಂಗಿತು ಎನ್ನುತ್ತಾರೆ ಸೋಲಿಗರು. ಕಾಡಿನ ಅಳತೆಯನ್ನರಿತ ಕೈಗೆ ಕಾಡಿನೊಳಗೆ ಜಾಗವಿದೆ. ಗಾಳಿಗೆ ಆಯ್ಕೆಯಿಲ್ಲ, ಆದ್ದರಿಂದ ಅದಕ್ಕೆ ಧರ್ಮಾಧರ್ಮವೂ ಇಲ್ಲ. ನಮಗೆ ಆಯ್ಕೆಯಿದೆ. ಪ್ರಕೃತಿಯ ಭಾಗವೆಂಬ ಮಾತು ನಮ್ಮ ಹೊಣೆಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ: ಕಾಡು ಮತ್ತೆ ಹುಟ್ಟುತ್ತದೆ ಎಂದರೆ ಸತ್ತ ಮರಕ್ಕೆ, ಗೂಡು ಕಳೆದುಕೊಂಡ ಹಕ್ಕಿಗೆ ಏನು ಸಮಾಧಾನ? ಹೈದರಾಬಾದಿನ ಚರಿತ್ರೆ ಇಲ್ಲಿ ನೆರವಿಗೆ ಬರುತ್ತದೆ. 1908ರ ಸೆಪ್ಟೆಂಬರ್ 28ರ ಮೂಸಿ ನದಿಯ ಪ್ರವಾಹ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಅಫ್ಜಲ್‌ಗಂಜಿನ ಹುಣಸೆ ಮರವೊಂದನ್ನು ಹತ್ತಿ ಸುಮಾರು 150 ಮಂದಿ ಬದುಕಿದರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಪ್ರವಾಹದ ನಂತರ ನಿಜಾಮರು ಕರೆಸಿದ ನಮ್ಮ ವಿಶ್ವೇಶ್ವರಯ್ಯನವರು ಕೊಟ್ಟ ಯೋಜನೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಎದ್ದವು. ಹಾಗೆಂದು ಪ್ರವಾಹ ಒಳ್ಳೆಯದೇ ಆಯಿತು ಎನ್ನುವವನಲ್ಲಿ ಕರುಣೆಯಿಲ್ಲ. ನಾಶದ ನಂತರ ಬಂದ ಒಳಿತು ನಾಶವನ್ನು ಸಮರ್ಥಿಸುವುದಿಲ್ಲ. ಬಿದ್ದ ಕಾಡಿನ ವಿಷಯದಲ್ಲೂ ಹಾಗೆಯೇ: ಮರುಚಿಗುರನ್ನು ಕಂಡು ಕೃತಜ್ಞರಾಗೋಣ, ಆದರೆ ಸತ್ತದ್ದಕ್ಕೆ ಮರುಗುವುದನ್ನು ಬಿಡದಿರೋಣ. ಲಂಟಾನದಂಥ ಕಳೆ ಮೊದಲೇ ಬಂದು ಕೂತರೆ ಆ ಚಿಗುರೂ ಖಚಿತವಲ್ಲ ಎಂಬುದನ್ನು ಮರೆಯಬಾರದು.

ಹೀಗಿರುವಾಗ ಲಯದ ತತ್ತ್ವವನ್ನು ಕೊಡಲಿಗೆ ಕಾವಾಗಿ ಕೊಡುವುದು ಧರ್ಮಕ್ಕೂ ವಿಜ್ಞಾನಕ್ಕೂ ಬಗೆಯುವ ದ್ರೋಹ. ಕಂಚ ಗಚ್ಚಿಬೌಲಿಯ ಬೋಳು ನೆಲದ ಮೇಲೆ ಕಟ್ಟಡ ಏಳಬಾರದು. ಮಣ್ಣಿನಲ್ಲಿ ಇನ್ನೂ ಉಳಿದಿರಬಹುದಾದ ಬೇರಿಗೂ ಬೀಜಕ್ಕೂ ಕಾಲಾವಕಾಶ ಸಿಗಬೇಕು. ಸೃಷ್ಟಿಕಾರ್ಯ ನಮ್ಮ ಕೈಯಲ್ಲಿಲ್ಲ, ಅದಕ್ಕೆ ಅಡ್ಡ ಬಾರದಿರುವುದು ನಮ್ಮ ಕೈಯಲ್ಲಿದೆ. ಅಷ್ಟನ್ನಾದರೂ ಮಾಡೋಣ.