ಶುಶ್ರೂಷೆಯ ಕಾಯಕವೂ ಅದರ ಮಿತಿಯೂ



ಕಾಯದಿಂದ ನಡೆಯತಕ್ಕದ್ದೇ ಕಾಯಕ. ಆದುದರಿಂದ ಕಾಯಕ್ಕೆ ಯಾವ ಮಿತಿಯುಂಟೋ ಕಾಯಕಕ್ಕೂ ಆ ಮಿತಿಯುಂಟು. ಈ ಸೂಕ್ಷ್ಮವನ್ನು ಲೋಕವು ಮರೆತರೆ ಆಗುವ ಹಾನಿಯನ್ನು ಕೋವಿಡ್ ಮಹಾಮಾರಿಯ ಕಾಲದಲ್ಲಿ ಆಸ್ಪತ್ರೆಗಳ ಶುಶ್ರೂಷಕಿಯರು ಅನುಭವಿಸಿದರು.

2020ನೆಯ ಇಸವಿಯು ಫ್ಲಾರೆನ್ಸ್ ನೈಟಿಂಗೇಲ್ ಅವರು ಜನಿಸಿ 200 ವರ್ಷ ತುಂಬಿದ ವರ್ಷ. ಮಾರ್ಚ್ 22ರ ಸಂಜೆ ನಮ್ಮ ದೇಶದ ಜನರು ಮನೆಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ, ಜಾಗಟೆ ಬಾರಿಸಿ ವೈದ್ಯರಿಗೂ ದಾದಿಯರಿಗೂ ವಂದಿಸಿದರು. ಆ ವಂದನೆ ಯುಕ್ತವೇ. ಆದರೆ ಸೋಂಕಿನ ಭಯದಿಂದ ಬಾಡಿಗೆಯ ಮನೆಗಳನ್ನು ಬಿಡಿಸಿದವರೂ ನಮ್ಮವರೇ. ಒಂದು ತಿಂಗಳೊಳಗೆ, ಏಪ್ರಿಲ್ 22ರಂದು, ಆರೋಗ್ಯ ಸೇವಕರ ಮೇಲಿನ ಹಲ್ಲೆಯನ್ನು ದಂಡಿಸಲು ಸರಕಾರವು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಸುಗ್ರೀವಾಜ್ಞೆಯಿಂದ ತಿದ್ದಬೇಕಾಯಿತು.

ಅವರ ಬಳಲಿಕೆಗೆ ಕಾರಣಗಳೇನು? ಜಗತ್ತಿನಲ್ಲಿ ಸುಮಾರು 59 ಲಕ್ಷ ಶುಶ್ರೂಷಕರ ಕೊರತೆಯಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿಯೇ ತಿಳಿಸಿತ್ತು. ಇದ್ದವರಲ್ಲಿಯೂ ಕೆಲವರು ಸೋಂಕಿಗೆ ಸಿಲುಕಿದಾಗ ಅವರ ಭಾರವು ಉಳಿದವರ ಹೆಗಲಿಗೆ ಬಿದ್ದಿತು. ರಕ್ಷಣೆಯ ಉಡುಪನ್ನು ತೊಟ್ಟವರು ಅದನ್ನು ಕಳಚುವವರೆಗೆ ನೀರು ಕುಡಿಯುವಂತಿರಲಿಲ್ಲ, ಜಲಬಾಧೆಯನ್ನೂ ತಡೆಯಬೇಕಾಗಿತ್ತು. ಬಂಧುಗಳಿಗೆ ಪ್ರವೇಶವಿಲ್ಲದುದರಿಂದ ಸಾಯುವವನ ಕೈ ಹಿಡಿಯತಕ್ಕವರೂ ಅವರೇ ಆದರು. 2021ರ ಬೇಸಗೆಯಲ್ಲಿ ಹಾಸಿಗೆಯೂ ಆಮ್ಲಜನಕವೂ ಸಾಲದಾದಾಗ, ಉಳಿಸಬಹುದಾಗಿದ್ದ ಜೀವವು ಕಣ್ಣೆದುರಿಗೇ ಆರುವುದನ್ನು ಕಂಡರು. ಮನೆಗೆ ಹೋದರೆ ಮಗುವಿಗೆ ರೋಗ ತಗುಲೀತೆಂಬ ಅಂಜಿಕೆ ಬೇರೆ.

‘ನಿಜವಾದ ಸೇವಾಭಾವವಿದ್ದವರಿಗೆ ಬಳಲಿಕೆಯೆಲ್ಲಿಯದು?’ ಎಂದು ಕೆಲವರು ಕೇಳುವರು. ಈ ಮಾತು ಭಕ್ತಿಯಂತೆ ಕಂಡರೂ ನಿರ್ದಯವಾದುದು. ಎಣ್ಣೆ ತೀರಿದ ಹಣತೆಯಲ್ಲಿ ಬತ್ತಿಯೇ ಸುಟ್ಟುಹೋಗುವುದು. ಅದು ಬತ್ತಿಯ ದೋಷವಲ್ಲ, ಎಣ್ಣೆ ಎರೆಯದವನ ದೋಷ. ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದೆಲ್ಲ ನಿಷ್ಫಲವೆಂಬ ಭಾವ, ಈ ಮೂರೂ ಸೇರಿದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ವಿವರಿಸಿತು. ಅದನ್ನು ರೋಗವೆಂದು ಕರೆಯದೆ, ಉದ್ಯೋಗದ ಸ್ಥಳದಲ್ಲಿ ಬಹುಕಾಲ ಪರಿಹಾರ ಕಾಣದ ಒತ್ತಡದ ಫಲವೆಂದಿತು. ಅರ್ಥಾತ್, ಕಾರಣವನ್ನು ದಾದಿಯ ಹೃದಯದಲ್ಲಿ ಹುಡುಕತಕ್ಕದ್ದಲ್ಲ. ಅವಳನ್ನು ದುಡಿಸಿದ ವ್ಯವಸ್ಥೆಯಲ್ಲಿ ಹುಡುಕತಕ್ಕದ್ದು.

ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದ ಪ್ರಸಂಗವು ಸರ್ವವಿದಿತ. ಕಾಯಕದಿಂದ ಮಿತಿಮೀರಿ ಪಡೆಯುವುದು ಕಳಂಕವಾದರೆ, ಕಾಯಕ ಮಾಡುವವರಿಂದ ಮಿತಿಮೀರಿ ಕಸಿಯುವುದು ಇನ್ನೂ ದೊಡ್ಡ ಕಳಂಕವಲ್ಲವೇ?

2023ರ ಮೇ 5ರಂದು ಆ ತುರ್ತುಸ್ಥಿತಿಯು ಮುಗಿಯಿತೆಂದು ಸಾರಲಾಯಿತು. ಬೆಂದ ಮನಸ್ಸುಗಳು ಘೋಷಣೆಯಿಂದ ತಣಿಯವು. ಸಾಕಷ್ಟು ಜನರ ನೇಮಕ, ಹೊತ್ತಿಗೆ ವಿಶ್ರಾಂತಿ, ತಡೆಯಿಲ್ಲದ ವೇತನ, ದುಃಖವನ್ನು ಹೇಳಿಕೊಳ್ಳಲು ಒಂದು ಕಿವಿ, ಇವು ಸಮಾಜವು ಅವರಿಗೆ ಸಲ್ಲಿಸಬೇಕಾದ ದಾಸೋಹ. ನಾವಾದರೋ ಆಸ್ಪತ್ರೆಗೆ ಹೋದಾಗ ದಾದಿಯೊಡನೆ ಗದರದೆ ಮಾತನಾಡುವುದರಿಂದ ಆ ದಾಸೋಹವನ್ನು ಇಂದೇ ಆರಂಭಿಸಬಹುದು.